ಎರಡು ಮೈಲಿ

"ದುಡ್ಡು ಕೊಟ್ಟರೆ ಮುಗೀತಲ್ಲ ಅತ್ತೆ, ನಡೆಯೋದು ಯಾಕೆ?"

ಅಳಿಯ ಕೇಳಿದ್ದು ಅರ್ಧ ತಮಾಷೆಗೆ. ಆಗ ನಾನು ಉತ್ತರ ಕೊಡಲಿಲ್ಲ, ಉತ್ತರ ಗೊತ್ತಿರಲೂ ಇಲ್ಲ. ಮಗಳ ಬಾಣಂತನಕ್ಕೆಂದು 2023ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಹೋಗಿದ್ದೆ. ಪಕ್ಕದ ಮನೆಯವರು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಹೆಂಗಸು, ಮಗುವಿಗೆ ಉಲ್ಲನ್ನಿನ ಟೊಪ್ಪಿ ಹೆಣೆದು ತಂದಿದ್ದರು. ಹೊರಡುವಾಗ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದರು. ಅದರಲ್ಲಿ ತೀರಿಹೋದ ಗಂಡನ ಫೋಟೋ, ಅಕ್ಟೋಬರಿನ ಒಂದು ಭಾನುವಾರದ ತಾರೀಖು, ಒಂದು ಪಾರ್ಕಿನ ಹೆಸರು, ನಡೆಯಬೇಕಾದ ದೂರ ಎರಡು ಮೈಲಿ. ಮನೆಮಂದಿಯೆಲ್ಲ ಸೇರಿ ನಡೆಯುತ್ತಾರೆ. ನಡೆಯುವವರು ತಮ್ಮ ತಮ್ಮ ನಂಟರಲ್ಲಿ, ಗೆಳೆಯರಲ್ಲಿ, ಆಫೀಸಿನಲ್ಲಿ ಹಣ ಕೇಳಿ ಕೂಡಿಸುತ್ತಾರೆ. ಕೂಡಿದ್ದು ಎ.ಎಲ್.ಎಸ್. ಎಂಬ ಕಾಯಿಲೆಯ ಸಂಶೋಧನೆಗೆ, ರೋಗಿಗಳ ಆರೈಕೆಗೆ ಹೋಗುತ್ತದೆ. ಎ.ಎಲ್.ಎಸ್. ಅಸೋಸಿಯೇಷನ್ ಎಂಬ ಸಂಸ್ಥೆ ಇಂಥ ನಡಿಗೆಯನ್ನು ಆ ದೇಶದ ಊರೂರಿನಲ್ಲಿ ವರ್ಷಾ ವರ್ಷ ನಡೆಸುತ್ತದೆ.

ಕಾಯಿಲೆಯ ಹೆಸರು ನನಗೆ ಹೊಸದು ಅಂದುಕೊಂಡೆ. ರಾತ್ರಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಕೂತ ಹೊತ್ತಿನಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಓದುತ್ತ ಹೋದೆ. ಓದಿದಷ್ಟೂ ಮೈ ತಣ್ಣಗಾಯಿತು. ಅಮೆರಿಕದವರು ಎ.ಎಲ್.ಎಸ್. ಅನ್ನುವುದೂ, ನಮ್ಮಲ್ಲಿ ಮತ್ತು ಇಂಗ್ಲೆಂಡಿನಲ್ಲಿ ವೈದ್ಯರು ಮೋಟಾರ್ ನ್ಯೂರಾನ್ ಕಾಯಿಲೆ ಅನ್ನುವುದೂ ಒಂದೇ ಮನೆತನದ ಹೆಸರುಗಳು. ಆ ಎರಡನೆಯ ಹೆಸರು ನನಗೆ ಗೊತ್ತಿತ್ತು. ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ, ಪಹಣಿ ಕಾಗದಗಳ ಅಡಿಯಲ್ಲಿ, ಪಟ್ಟಣದ ಆಸ್ಪತ್ರೆಯೊಂದರ ಹಳದಿಗಟ್ಟಿದ ಚೀಟಿಯ ಮೇಲೆ ಅದು ಟೈಪಾಗಿತ್ತು. ಚೀಟಿ ನಮ್ಮ ಚಿಕ್ಕಪ್ಪನದು.

ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಚಿಕ್ಕಪ್ಪನಷ್ಟು ಬೇಗ ಅಡಿಕೆ ಸುಲಿಯುವವರು ಇರಲಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತರೆ ಕೈ ಕಾಣುತ್ತಿರಲಿಲ್ಲ, ಸಿಪ್ಪೆ ಹಾರುವುದಷ್ಟೇ ಕಾಣುತ್ತಿತ್ತು. 1978ರ ಕೊಯ್ಲಿನಲ್ಲಿ ಆ ಕೈ ನಿಧಾನವಾಯಿತು. ನೋವಿಲ್ಲ, ಊತವಿಲ್ಲ, ಜ್ವರವಿಲ್ಲ. ಹೆಗಲಿನ ಟವೆಲ್ಲು ಜಾರಿದರೆ ಎತ್ತಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮರುವರ್ಷ ಮಾತು ತೊದಲಿತು. ಮೂವತ್ತನಾಲ್ಕು ವರ್ಷದ ಗಂಡಸು ತೊದಲಿದರೆ ಊರು ಏನು ಹೇಳುತ್ತದೆ? ಕುಡಿಯಲು ಕಲಿತಿದ್ದಾನೆ ಎಂದಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಒಂದು ಮದುವೆಮನೆಯಲ್ಲಿ ಹಿರಿಯರೊಬ್ಬರು ಪಂಕ್ತಿಯಿಂದ ಅವರನ್ನು ಏಳಿಸಿದರು. ನಾನು ಅಲ್ಲೇ, ಎದುರು ಸಾಲಿನ ಎಲೆಯ ಮುಂದೆ ಕೂತಿದ್ದೆ. ಚಿಕ್ಕಪ್ಪ ಏನೋ ಹೇಳಲು ಹೋದರು, ನಾಲಿಗೆ ಹೊರಳಲಿಲ್ಲ. ಹೇಳಲು ಹೋದದ್ದೇ ಸಾಕ್ಷಿಯಾಯಿತು. ಆಮೇಲೆ ಅವರು ಮನೆಯ ಮೆಟ್ಟಿಲು ಇಳಿಯಲಿಲ್ಲ. ಚೀಟಿ ಬಂದದ್ದು ಅದಾದ ಒಂದು ವರ್ಷಕ್ಕೆ. 1981ರ ಮಳೆಗಾಲದಲ್ಲಿ ಹೋದರು.

ಚೀಟಿ ಬಂದಮೇಲಾದರೂ ಅಪ್ಪ ಆ ಹಿರಿಯರ ಮನೆಗೆ ಹೋಗಿ ತೋರಿಸಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ತೋರಿಸಲಿಲ್ಲ. ಕುಡುಕನೆಂಬ ಹೆಸರಿಗಿಂತ ನರದ ಕಾಯಿಲೆಯ ಹೆಸರು ಮನೆಗೆ ಹೆಚ್ಚು ಕೆಟ್ಟದ್ದೆಂದು ಅವರಿಗೆ ತೋರಿರಬೇಕು. ಮದುವೆಗೆ ಬಂದ ಹುಡುಗಿಯರು ಮನೆಯಲ್ಲಿದ್ದೆವಲ್ಲ.

ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಕೂತು ಸ್ನಾಯುಗಳಿಗೆ ಅಪ್ಪಣೆ ಕಳಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ಅಷ್ಟೇ ಈ ಕಾಯಿಲೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರು. ಫ್ರಾನ್ಸಿನ ಶಾರ್ಕೊ ಎಂಬ ವೈದ್ಯ ಇದನ್ನು ವಿವರಿಸಿದ್ದು 1869ರಲ್ಲಿ. ಹೆಚ್ಚಿನವರು ಎರಡರಿಂದ ಐದು ವರ್ಷದೊಳಗೆ ಹೋಗಿಬಿಡುತ್ತಾರೆ. ನಮಗೆ ಗೊತ್ತಿರುವ ರೋಗಿ ಸ್ಟೀಫನ್ ಹಾಕಿಂಗ್ ಒಬ್ಬರೇ. 1963ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಗಿ 2018ರವರೆಗೆ ಬದುಕಿದ ಅವರು ಅಪರೂಪದಲ್ಲಿ ಅಪರೂಪ. ಹಾಗಾಗಿ ನಮ್ಮ ಜನ ಗಾಲಿಕುರ್ಚಿಯಲ್ಲಿ ಕೂತು ಐವತ್ತು ವರ್ಷ ಬ್ರಹ್ಮಾಂಡ ಅಳೆಯುವ ಕಾಯಿಲೆ ಇದು ಎಂದುಕೊಂಡಿದ್ದಾರೆ.

ಓದಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಾವಲ್ಲ. ಸ್ಪರ್ಶ ಉಳಿಯುತ್ತದೆ ಎಂಬ ಸಂಗತಿ. ಸ್ನಾಯುವಿಗೆ ಅಪ್ಪಣೆ ಕೊಂಡೊಯ್ಯುವ ನರ ಸಾಯುತ್ತದೆ, ಚರ್ಮದ ಸುದ್ದಿ ತರುವ ನರ ಬದುಕಿರುತ್ತದೆ. ಹಣೆಯ ಮೇಲೆ ಸೊಳ್ಳೆ ಕೂತದ್ದು ತಿಳಿಯುತ್ತದೆ, ಓಡಿಸಲು ಆಗುವುದಿಲ್ಲ. ಇತಿಹಾಸಕಾರ ಟೋನಿ ಜಟ್ 2010ರಲ್ಲಿ ಈ ಕಾಯಿಲೆಯಿಂದಲೇ ತೀರಿಕೊಂಡವರು; ಅವರು ಬಾಯಲ್ಲಿ ಹೇಳಿ ಬರೆಸಿ, ಅದೇ ವರ್ಷ ಅಚ್ಚಾದ ಒಂದು ಪ್ರಬಂಧ ರಾತ್ರಿಯಿಡೀ ತುರಿಕೆ ಕೆರೆದುಕೊಳ್ಳಲಾಗದೆ ಮಲಗಿರುವುದನ್ನು ಕುರಿತದ್ದು. ಅದನ್ನು ಓದಿದ ರಾತ್ರಿ ಮಲೆನಾಡಿನ ಮಳೆಗಾಲ, ಸೊಳ್ಳೆಪರದೆಯಿಲ್ಲದ ಆ ನಡುಮನೆ, ಚಿಕ್ಕಪ್ಪನ ತೆರೆದ ಕಣ್ಣು ನೆನಪಾದವು. ಅವರು ಏನನ್ನೋ ನೋಡುತ್ತ ಮಲಗಿದ್ದಾರೆ ಎಂದು ನಾವೆಲ್ಲ ಸುತ್ತುಬಳಸಿ ಓಡಾಡುತ್ತಿದ್ದೆವು. ಯಾರಾದರೂ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಬಹುದಿತ್ತು.

ಚಿಕ್ಕಪ್ಪ ಹೋದ ಮೂರು ವರ್ಷಕ್ಕೆ, 1984ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈಯೋ ಒಂದೇ ಕಾಲೋ ಸೊರಗಿ ಅಲ್ಲಿಗೇ ನಿಲ್ಲುವ, ಇದೇ ಮನೆತನದ ಇನ್ನೊಂದು ಬಗೆಯನ್ನು ಬೇರ್ಪಡಿಸಿ ತೋರಿಸಿದರು. ಅದಕ್ಕೂ ಮೊದಲು, 1970ರಲ್ಲೇ, ದಕ್ಷಿಣ ಭಾರತದ ಎಳೆಯರಲ್ಲಿ ಕಾಣುವ, ಕಿವಿಯನ್ನೂ ಮಂದ ಮಾಡುವ ಒಂದು ಬಗೆಗೆ ಮದ್ರಾಸಿನ ವೈದ್ಯರು ತಮ್ಮ ಊರಿನ ಹೆಸರು ಕೊಟ್ಟಿದ್ದರು. ಇವೆಲ್ಲ ನಮ್ಮೂರಿಂದ ಒಂದೆರಡು ರಾತ್ರಿ ಬಸ್ಸಿನ ದೂರದಲ್ಲಿ ನಡೆದವು. ಆ ದೂರವನ್ನು ನಾವು ದಾಟಲಿಲ್ಲ.

ಅಕ್ಟೋಬರಿನ ಆ ಭಾನುವಾರ ಪಾರ್ಕಿಗೆ ಹೋದೆ. ಮೊದಲ ನೋಟಕ್ಕೆ ಮನಸ್ಸು ಕುಗ್ಗಿತು. ಅದೊಂದು ಜಾತ್ರೆ. ಶಾಮಿಯಾನ, ಕುಣಿಸುವ ಸಂಗೀತ, ಕಂಪನಿಗಳ ಬ್ಯಾನರು, ಬುಟ್ಟಿ ತುಂಬ ಬಾಳೆಹಣ್ಣು. ಒಂದೊಂದು ಮನೆಯವರದು ಒಂದೊಂದು ಬಣ್ಣದ ಅಂಗಿ, ಅಂಗಿಯ ಮೇಲೆ ತೀರಿಹೋದವರ ಮುಖ, ಅವರು ಆಡುತ್ತಿದ್ದ ಒಂದು ಮಾತು. ಸತ್ತವರನ್ನು ಹೀಗೆ ಅಂಗಿಯ ಮೇಲೆ ಹಾಕಿಕೊಂಡು ನಗುತ್ತ ಫೋಟೋ ತೆಗೆಸಿಕೊಳ್ಳುವುದೇ ಅನಿಸಿತು. ಮತ್ತೆ, ಹದಿಮೂರನೇ ದಿನ ವೈಕುಂಠ ಸಮಾರಾಧನೆಯಲ್ಲಿ ವಡೆ ಪಾಯಸ ಬಡಿಸಿ, ಎರಡನೇ ಸಲ ಪಾಯಸಕ್ಕೆ ಬಲವಂತ ಮಾಡುವ ನಾವು ಇವರಿಗೆ ಹೇಳುವುದೇನು ಎಂದು ನನಗೇ ನಗು ಬಂತು.

ನಡಿಗೆಯ ಹೆಸರಿನಲ್ಲಿ ಕಾಯಿಲೆಯನ್ನು 'ಸೋಲಿಸುವ' ಮಾತಿದೆ. ಅದು ಮಾತ್ರ ನನಗೆ ಇಂದಿಗೂ ಒಗ್ಗಿಲ್ಲ. ಸೋಲು-ಗೆಲುವು ಎಂದ ಕೂಡಲೆ ತೀರಿಹೋದವರು ಸೋತವರಾಗುತ್ತಾರೆ.

ಪಕ್ಕದ ಮನೆಯವರು ನಡೆಯುತ್ತ ತಮ್ಮ ಗಂಡನ ಕತೆ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದು, ನನ್ನ ಕಿವಿಗೆ ಕನ್ನಡವಾಗಿ ಕೂತಿದೆ: "ಮೊದಲ ವರ್ಷ ನಡೆದುಕೊಂಡು ಬಂದರು. ಮರುವರ್ಷ ಗಾಲಿಕುರ್ಚಿಯಲ್ಲಿ ಬಂದರು. ಮೂರನೇ ವರ್ಷ ಅಂಗಿಯ ಮೇಲೆ ಬಂದರು." ಆ ಮೂರನೇ ವರ್ಷ 2020. ಕೋವಿಡ್‌ನಿಂದಾಗಿ ಜನ ಸೇರುವಂತಿರಲಿಲ್ಲ. ತಾಯಿ, ಇಬ್ಬರು ಗಂಡುಮಕ್ಕಳು, ಸೊಸೆ, ಮೊಮ್ಮಗಳು ತಮ್ಮ ಬೀದಿಯಲ್ಲೇ ಸುತ್ತು ಹಾಕಿ ಎರಡು ಮೈಲಿ ಮುಗಿಸಿದರಂತೆ. ನೋಡುವವರು ಯಾರೂ ಇರಲಿಲ್ಲ. ಮೇಜಿನ ಮೇಲೆ ಚೀಟಿ ಇಟ್ಟು ಹೋದವರ ಮೇಲೆ ನನಗೆ ಗೌರವ ಹುಟ್ಟಿದ್ದು ಇದನ್ನು ಕೇಳಿದಾಗ.

ನಮ್ಮ ಮುಂದೆ ಒಬ್ಬ ನಡುವಯಸ್ಸಿನವರು ಕೋಲು ಊರಿಕೊಂಡು ನಡೆಯುತ್ತಿದ್ದರು. ಪಕ್ಕದಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಅವರಿಗೆ ಅದು ಮೊದಲ ವರ್ಷ. ಸುತ್ತಮುತ್ತಲ ಅಂಗಿಗಳ ಮೇಲಿನ ಮುಖಗಳನ್ನು ಅವರು ನೋಡುತ್ತಿದ್ದರು. ತಾನೂ ಮುಂದೆ ಬರಲಿರುವ ಜಾಗವನ್ನು ಮನುಷ್ಯ ಅಷ್ಟು ಹತ್ತಿರದಿಂದ, ಹಗಲು ಬೆಳಕಿನಲ್ಲಿ, ಬಾಳೆಹಣ್ಣು ತಿನ್ನುತ್ತ ನೋಡುವುದುಂಟೆ? ಅವರ ಹೆಂಡತಿ ನೋಡುತ್ತಿದ್ದದ್ದು ಬೇರೆ. ಆಕೆಯ ಕಣ್ಣು ನಮ್ಮ ಪಕ್ಕದ ಮನೆಯವರ ಮೇಲೆ ಇತ್ತು: ಗಂಡ ಹೋದಮೇಲೂ ನಡೆಯುತ್ತಿರುವ ಹೆಂಗಸಿನ ಮೇಲೆ.

ಅಳಿಯನ ಪ್ರಶ್ನೆ ಮತ್ತೆ ಬಂತು. ನಾವು ನಡೆಯದ ಜನವೇನಲ್ಲ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತಾರೆ, ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆಯುತ್ತಾರೆ. ಆದರೆ ಅದರಲ್ಲಿ ಹರಕೆಯ ಲೆಕ್ಕವಿದೆ. ಇದನ್ನು ಕೊಡು, ನಡೆದು ಬರುತ್ತೇನೆ. ಕೊಟ್ಟೆಯಲ್ಲ, ನಡೆದು ಬಂದೆ. ಈ ಪಾರ್ಕಿನಲ್ಲಿ ಯಾರೊಡನೆ ಲೆಕ್ಕ? ಕೇಳಬೇಕಾದದ್ದು ಕೈತಪ್ಪಿ ಆಗಿದೆ.

ನಲವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಇಲ್ಲಿ ಸ್ಥಾವರ ಜಂಗಮ ನೆನಪಾಗದೆ ಇರುತ್ತದೆಯೆ. ಕಲ್ಲು ನಿಲ್ಲಿಸುವ ಬದಲು ಕಾಲು ನಡೆಸುವ ಸ್ಮಾರಕ, ಬಹಳ ಚೆನ್ನಾಯಿತು ಎಂದು ಒಂದು ಕ್ಷಣ ಹಿಗ್ಗಿದೆ. ಮರುಕ್ಷಣ ನಾಚಿಕೆಯಾಯಿತು. ನಡುಮನೆಯಲ್ಲಿ ಅಲ್ಲಾಡದೆ ಮಲಗಿದ್ದ ಚಿಕ್ಕಪ್ಪ ಹಾಗಾದರೆ ಯಾವುದು? ದೇಹ ಸ್ಥಾವರವಾಗಿ, ಒಳಗೆ ಎಲ್ಲವೂ ಎಚ್ಚರವಾಗಿ ಓಡಾಡುತ್ತಿದ್ದ ಮನುಷ್ಯ. ತರಗತಿಯಲ್ಲಿ ನಾನು ಅಷ್ಟು ಸಲೀಸಾಗಿ ಬೋರ್ಡಿನ ಮೇಲೆ ಗೆರೆ ಎಳೆದು ಎರಡು ಕಡೆ ಬರೆಸುತ್ತಿದ್ದ ಪದಗಳು ಆ ಹಾಸಿಗೆಯ ಮುಂದೆ ಹೊಂದುವುದಿಲ್ಲ. ಇದೇ ಕಾಯಿಲೆಯಿದ್ದ ಇಂಗ್ಲೆಂಡಿನ ರಗ್ಬಿ ಆಟಗಾರ ರಾಬ್ ಬರೋ ಅವರನ್ನು 2023ರ ಮೇ ತಿಂಗಳಲ್ಲಿ ಲೀಡ್ಸ್ ಮ್ಯಾರಥಾನಿನ ಕೊನೆಯಲ್ಲಿ ಗೆಳೆಯ ಕೆವಿನ್ ಸಿನ್‌ಫೀಲ್ಡ್ ಗಾಲಿಕುರ್ಚಿಯಿಂದ ಎತ್ತಿ, ತೋಳಲ್ಲಿ ಹೊತ್ತು ಗೆರೆ ದಾಟಿಸಿದ ಚಿತ್ರವನ್ನು ಅನೇಕರು ನೋಡಿರುತ್ತೀರಿ. ನಮ್ಮಲ್ಲಿ ಹೆಗಲು ಕೊಡುವುದು ಎಂದರೆ ಸತ್ತವರಿಗೆ ಮಾತ್ರ. ಬರೋ ಆಗ ಬದುಕಿದ್ದರು, ಮರುವರ್ಷ ಜೂನ್ 2ರಂದು ಹೋದರು, ನಲವತ್ತೊಂದಕ್ಕೆ.

ಜೂನ್ 2 ಆ ಕಾಯಿಲೆಯವರ ಕ್ಯಾಲೆಂಡರಿನಲ್ಲಿ ಮೊದಲೇ ಇದ್ದ ದಿನ. 1941ರ ಅದೇ ದಿನ ನ್ಯೂಯಾರ್ಕಿನ ಬೇಸ್‌ಬಾಲ್ ಆಟಗಾರ ಲೂ ಗೆರಿಗ್ ಸತ್ತದ್ದು. ಒಂದೂ ತಪ್ಪಿಸದೆ ಸಾಲಾಗಿ 2,130 ಪಂದ್ಯ ಆಡಿದ ಆಳು, ಚೆಂಡು ಹಿಡಿಯಲಾಗದೆ 1939ರಲ್ಲಿ ತಾನಾಗಿ ಕೂತುಬಿಟ್ಟ. ಅಮೆರಿಕದಲ್ಲಿ ಕಾಯಿಲೆಗೆ ಅವನ ಹೆಸರೇ ಬಿದ್ದಿದೆ. ಹೆಸರು ಇದ್ದದ್ದಕ್ಕೆ ಜನ ಸೇರಿದರು. ನಮ್ಮಲ್ಲಿ ವಾತ, ಗಾಳಿ, ಲಕ್ವ, ನರದ ತೊಂದರೆ ಎಂದು ಚೆಲ್ಲಿಹೋದ ಕಾಯಿಲೆಗೆ ಯಾರು ಎಲ್ಲಿ ಸೇರುವುದು? ಜೂನ್ 21 ಈ ಕಾಯಿಲೆಯ ಜಾಗತಿಕ ದಿನ. ಅದೇ ಯೋಗ ದಿನವೂ ಹೌದು. ಅಂದಿನ ನಮ್ಮ ಪತ್ರಿಕೆಗಳಲ್ಲಿ ಬಾಗುವ ಬೆನ್ನು, ಮೇಲೆದ್ದ ಕೈಗಳ ಚಿತ್ರಗಳೇ ಪುಟದ ತುಂಬ.

ಇನ್ನು ಹಣ. ಕೇಳುವುದು ನಮಗೆ ಕಷ್ಟ. ನನ್ನ ತಮ್ಮ ಉಪನಯನದ ದಿನ ಅಮ್ಮನೆದುರು ನಿಂತು ಭಿಕ್ಷೆ ಕೇಳಲು ನಾಚಿ ಅತ್ತಿದ್ದ. ಆ ಶಾಸ್ತ್ರ ಇಟ್ಟವರು ಬೇಡುವುದನ್ನೂ ಕಲಿಸಬೇಕಾದ ವಿದ್ಯೆ ಎಂದುಕೊಂಡಿರಬೇಕು. ವಾರಾನ್ನದಲ್ಲಿ ಓದಿದ ತಲೆಮಾರಿಗೆ ಆ ವಿದ್ಯೆ ಗೊತ್ತಿತ್ತು, ನಮಗೆ ಮರೆತಿದೆ. ಪಕ್ಕದ ಮನೆಯ ಮೊಮ್ಮಗಳು, ಒಂಬತ್ತು ವರ್ಷದ ಹುಡುಗಿ, ಬೀದಿಯ ಹದಿನೇಳು ಮನೆಯ ಬಾಗಿಲು ತಟ್ಟಿದ್ದಳು. ನಾಲ್ಕು ಮನೆಯವರು ಇಲ್ಲ ಎಂದರಂತೆ. ಇಲ್ಲ ಎಂದವರಿಗೂ ತಾತನ ಕತೆ ಹೇಳಿಯೇ ಬಂದಳಂತೆ.

ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ನ್ಯಾಯವಾದ ಪ್ರಶ್ನೆ. 2014ರಲ್ಲಿ ಜನ ತಲೆಯ ಮೇಲೆ ಮಂಜುನೀರು ಸುರಿದುಕೊಂಡ ಐಸ್ ಬಕೆಟ್ ಆಟ ನೆನಪಿದೆಯಲ್ಲ, ಅದು ಈ ಕಾಯಿಲೆಗಾಗಿಯೇ. ಆ ಒಂದು ಬೇಸಿಗೆಯಲ್ಲಿ ಎ.ಎಲ್.ಎಸ್. ಅಸೋಸಿಯೇಷನ್ನಿಗೆ 11.5 ಕೋಟಿ ಡಾಲರ್ ಬಂತು. ಅದರಲ್ಲಿ 22 ಲಕ್ಷ ಡಾಲರ್ ಹೋದದ್ದು ಒಂದು ಹೊಸ ಔಷಧಕ್ಕೆ; 2022ರ ಸೆಪ್ಟೆಂಬರಿನಲ್ಲಿ ರೆಲಿವ್ರಿಯೊ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. "ನೋಡಿ, ಬಕೆಟ್ಟಿನಿಂದ ಔಷಧ ಬಂತು" ಎಂದು ಪಕ್ಕದ ಮನೆಯವರು ಪಾರ್ಕಿನಲ್ಲಿ ಹೇಳಿದಾಗ ಅವರ ದನಿ ಬೇರೆಯೇ ಆಗಿತ್ತು. ನಾನು ಊರಿಗೆ ಮರಳಿದ ಮೇಲೆ, 2024ರ ವಸಂತದಲ್ಲಿ, ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು: ಔಷಧದಿಂದ ಉಪಯೋಗವಿಲ್ಲ. ಏಪ್ರಿಲಿನಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಇಷ್ಟಾದ ಮೇಲೆ ಉಳಿದ ಲೆಕ್ಕ ಸಣ್ಣದು. 1995ರಿಂದ ಇರುವ ರಿಲುಜೋಲ್ ಆಯುಷ್ಯಕ್ಕೆ ಕೆಲವು ತಿಂಗಳು ಸೇರಿಸುತ್ತದೆ. 2023ರಲ್ಲಿ ಬಂದ ಟೋಫರ್ಸೆನ್ ನೂರರಲ್ಲಿ ಇಬ್ಬರಿಗೆ, ಒಂದು ನಿರ್ದಿಷ್ಟ ವಂಶವಾಹಿಯಲ್ಲಿ ದೋಷವಿದ್ದವರಿಗೆ ಮಾತ್ರ. ಔಷಧವಲ್ಲದ ಕೆಲಸಗಳೂ ಆಗಿವೆ: ಗಾಲಿಕುರ್ಚಿ, ಕಣ್ಣಿನ ಚಲನೆಯಿಂದ ಮಾತಾಡಿಸುವ ಯಂತ್ರ ಕೊಡಿಸುವುದು. ಮತ್ತೊಂದು ಕೆಲಸ, ಸರ್ಕಾರದ ಜೊತೆಗಿನ ಗುದ್ದಾಟ. ಅಂಗವಿಕಲರ ಪಿಂಚಣಿಗೆ ಐದು ತಿಂಗಳು ಕಾಯಬೇಕೆಂಬ ನಿಯಮ ಅಲ್ಲಿತ್ತು. ಎರಡು ಮೂರು ವರ್ಷ ಮಾತ್ರ ಉಳಿದವರಿಗೆ ಐದು ತಿಂಗಳು! ಇಂಥ ಮನೆಗಳವರೇ ವರ್ಷಗಟ್ಟಲೆ ಬೆನ್ನುಹತ್ತಿ, ಈ ಕಾಯಿಲೆಯವರಿಗೆ ಆ ನಿಯಮವನ್ನು 2020ರ ಡಿಸೆಂಬರಿನಲ್ಲಿ ತೆಗೆಸಿದರು. ಅದರ ಲಾಭ ಬೆನ್ನುಹತ್ತಿದವರ ಗಂಡಂದಿರಿಗೆ, ಅಪ್ಪಂದಿರಿಗೆ ಸಿಗಲಿಲ್ಲ.

ಗೀತೆಯ ನಿಷ್ಕಾಮ ಕರ್ಮವನ್ನು ಇಲ್ಲಿ ತಂದು ಹಚ್ಚುವುದು ಸುಲಭ. ನಾನು ಹಚ್ಚಲಾರೆ. ಇವರಿಗೆ ಫಲ ಬೇಕು, ಹಟ ಹಿಡಿದು ಬೇಕು. ಔಷಧ ಬಿದ್ದುಹೋದಾಗ ಪಕ್ಕದ ಮನೆಯವರು ಫೋನಿನಲ್ಲಿ ನನ್ನ ಮಗಳ ಹತ್ತಿರ ಅತ್ತರಂತೆ. ಅವರು ಬಿಟ್ಟಿರುವುದು ಫಲವನ್ನಲ್ಲ, ಫಲದಲ್ಲಿ ತಮ್ಮ ಪಾಲನ್ನು. ಈ ಎರಡಕ್ಕೂ ಬಹಳ ಅಂತರವಿದೆ. ಫಲವೇ ಬೇಡವೆಂದವನಿಗೆ ಸೋಲಿನ ಸುದ್ದಿ ತಾಗುವುದಿಲ್ಲ. ಪಾಲು ಮಾತ್ರ ಬಿಟ್ಟವರಿಗೆ ಪ್ರತಿ ಸೋಲೂ ತಾಗುತ್ತದೆ, ಅದೂ ಮುಖ ಕಾಣದ ಯಾರೋ ರೋಗಿಯ ಪರವಾಗಿ. ಕೆಲವು ಮನೆಗಳಲ್ಲಿ ಆ ರೋಗಿ ಯಾರೋ ಅಲ್ಲ. ನೂರರಲ್ಲಿ ಹತ್ತು ಮಂದಿಗೆ ಈ ಕಾಯಿಲೆ ವಂಶದಿಂದ ಇಳಿಯುತ್ತದೆ. ಅಂಥ ಮನೆಯ ತಾಯಿ ಅಂಗಿ ಹಾಕಿಕೊಂಡು ನಡೆಯುವಾಗ ಪಕ್ಕದಲ್ಲಿ ಕುಣಿಯುತ್ತ ಬರುವ ಮಗನ ಕೈಬೆರಳುಗಳನ್ನು ನೋಡುತ್ತಿರುತ್ತಾಳೆ. ಅದನ್ನು ನಾನು ಕೇಳಲಿಲ್ಲ, ಕೇಳಬಾರದು.

ಮಹಾಲಯದಲ್ಲಿ ಅಪ್ಪ ಚಿಕ್ಕಪ್ಪನ ಹೆಸರು ಹೇಳಿ ಎಳ್ಳುನೀರು ಬಿಡುತ್ತಿದ್ದರು. ಹೆಂಗಸರಿಗೆ ಅದರಲ್ಲಿ ಕೆಲಸವಿಲ್ಲ, ಅಡುಗೆಮನೆ ಬಾಗಿಲಿಂದ ನೋಡಿದ್ದು. ಅಪ್ಪನ ನಂತರ ತಮ್ಮ ಬೆಂಗಳೂರಿನಲ್ಲಿ ಆಫೀಸಿಗೆ ಹೊರಡುವ ಮುಂಚೆ ಮಾಡಿ ಮುಗಿಸುವ ಕರ್ಮದಲ್ಲಿ ಆ ಹೆಸರು ಉಳಿದಿದೆಯೋ ಇಲ್ಲವೋ, ಕೇಳುವ ಧೈರ್ಯವಾಗಿಲ್ಲ. ಉಳಿದಿಲ್ಲವಾದರೂ ಕೊನೆಯಲ್ಲಿ ಒಂದು ನೀರಿದೆ: ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಹೋದವರಿಗೆಂದು ಬಟ್ಟೆ ಹಿಂಡಿ ಬಿಡುವ ನೀರು. ಹೆಸರು ಮರೆತವರನ್ನೂ ಬಿಡಬಾರದು ಎಂದು ಯಾರೋ ಯೋಚಿಸಿದ್ದಾರೆ, ಅದು ದೊಡ್ಡದು. ಆದರೆ ಆ ನೀರು ಹಿಂದಕ್ಕೆ ಹರಿಯುತ್ತದೆ, ಸತ್ತವರ ಕಡೆಗೆ. ಪಾರ್ಕಿನಲ್ಲಿ ನಾನು ಕಂಡದ್ದು ಅದೇ ನೀರನ್ನು ಮುಂದಕ್ಕೆ ಬಿಡುವುದನ್ನು, ಇನ್ನೂ ಕಾಯಿಲೆ ಬೀಳದವರ ಕಡೆಗೆ. ಅವರಿಗೂ ಸದ್ಯ ಹೆಸರಿಲ್ಲ.

ದುಡ್ಡು ಕೊಟ್ಟರೆ ಮುಗೀತಲ್ಲ ಎಂದಿದ್ದ ಅಳಿಯ. ಹೌದು, ಮುಗಿಯುತ್ತದೆ. ಆ ಮನೆಯವರಿಗೆ ಮುಗಿಯುವುದು ಬೇಡವಾಗಿತ್ತು. 

ಹೊರಡುವ ಜಾಗದಲ್ಲಿ ರಟ್ಟಿನ ಕಾರ್ಡು ಕೊಟ್ಟಿದ್ದರು: ನಾನು ಯಾರಿಗಾಗಿ ನಡೆಯುತ್ತೇನೆ ಎಂದು ಬರೆದು ಅಂಗಿಗೆ ಸಿಕ್ಕಿಸಿಕೊಳ್ಳಲು. ನಾನು ಅಕ್ಕಪಕ್ಕ ನೋಡಿ, ಮಾರ್ಕರ್ ತೆಗೆದುಕೊಂಡು, ಕನ್ನಡದಲ್ಲಿ 'ಚಿಕ್ಕಪ್ಪ' ಎಂದು ಬರೆದೆ. ಪಕ್ಕದ ಮನೆಯವರ ಮೊಮ್ಮಗಳು ಅದನ್ನು ಓದಿ ಹೇಳೆಂದಳು. ಹೇಳಿಕೊಟ್ಟೆ. ಅವಳ ಬಾಯಲ್ಲಿ 'ಚಿಕಪಾ' ಆಯಿತು. ಹೇಗೆ ಸತ್ತರು ಎಂದು ಕೇಳಿದಳು, ಹೇಳಿದೆ. ಪಂಕ್ತಿಯಿಂದ ಏಳಿಸಿದ್ದನ್ನೂ ಹೇಳಿದೆ. ನಲವತ್ತು ವರ್ಷದಲ್ಲಿ ಯಾರಿಗೂ ಹೇಳದಿದ್ದದ್ದು. "ಅವರಿಗೆ ಯಾರೂ ಹೇಳಲಿಲ್ಲವಾ, ಅದು ಕಾಯಿಲೆ ಅಂತ?" ಎಂದಳು. ಇಲ್ಲ ಎಂದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು.

2024ರಲ್ಲೂ ಪಕ್ಕದ ಮನೆಯವರು ನಡೆದರು, ಔಷಧ ಬಿದ್ದುಹೋದ ವರ್ಷ. ಮೊನ್ನೆ ಮಗಳ ಫೋನು: ಈ ಸಲದ ಅಂಗಿಯ ಬೆನ್ನಿಗೆ ಎರಡು ಹೆಸರು ಅಚ್ಚು ಹಾಕಿಸುತ್ತಾರಂತೆ, ಅವರ ಯಜಮಾನರದು ಒಂದು, 'ಚಿಕ್ಕಪ್ಪ' ಇನ್ನೊಂದು. ಅಕ್ಷರ ತಪ್ಪಾಗದ ಹಾಗೆ ಬರೆದು ಕಳಿಸಬೇಕಂತೆ. ಎರಡು ಒತ್ತಕ್ಷರ ಇವೆಯಲ್ಲ, ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ಬರೆದು, ಫೋಟೋ ತೆಗೆದು ಕಳಿಸಿದ್ದೇನೆ.